ಬೆನಕಪ್ಪನ ಮೂರು ಪ್ಲೇಟುಗಳು

ನಡೆಯುವಾಗ ಬೆನಕಪ್ಪನ ಎಡಗೈ ಬೀಸುತ್ತಲೇ ಇರಲಿಲ್ಲ. ಬಲಗೈ ಸ್ವೇಚ್ಛೆಯಾಗಿ ಗಾಳಿಯಲ್ಲಿ ತೇಲಾಡುತ್ತಿದ್ದರೆ ಎಡಗೈ ಮಾತ್ರ ಪಕ್ಕೆಗೆ ಹೊಲಿದಂತೆ ಅಂಟಿಕೊಂಡಿರುತ್ತಿತ್ತು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಮೂರು ಗ್ರಾಮಫೋನ್ ಪ್ಲೇಟುಗಳನ್ನು ಕಂಕುಳಲ್ಲಿಟ್ಟುಕೊಂಡು ಊರೂರು ತಿರುಗಿ ಬಂದ ಅಭ್ಯಾಸವದು. ಎಪ್ಪತ್ತರ ದಶಕದ ಆರಂಭದ ಆ ದಿನಗಳಲ್ಲಿ ನ್ಯಾಮತಿಯ ನಾಟಕ ಸಂಘಕ್ಕೆ ಅವನೇ ರಾಣಿ, ಅವನೇ ರಾಜಮಾತೆ. ಓರಗೆಯವರೆಲ್ಲ ಮೀಸೆ ತಿರುವುತ್ತಿದ್ದ ವಯಸ್ಸಿನಲ್ಲಿ ಮೀಸೆ ಬೋಳಿಸಿ ಸೀರೆಯುಟ್ಟು ನಿಂತನೆಂದರೆ, ಎತ್ತಿ ಆಡಿಸಿದ ಅತ್ತೆಯಂದಿರೇ ತಬ್ಬಿಬ್ಬಾಗುತ್ತಿದ್ದರು.

ಆ ಪ್ಲೇಟುಗಳೇ ಅವನ ಗುರುಕುಲ. ಶಹನಾಯಿಯದು ನಡಿಗೆಗೆ: ಅದರ ಆಲಾಪಕ್ಕೆ ಹೆಜ್ಜೆ ಹಾಕಿ ಹಾಕಿಯೇ ಅವನು ರಾಣಿಯ ಗಾಂಭೀರ್ಯ ಕಲಿತದ್ದು. ವಚನಗಳದು ಉಚ್ಚಾರಣೆಗೆ, 'ಶಿವ' ಎನ್ನಲು ಹೋಗಿ 'ಸಿವ' ಎನ್ನುತ್ತಿದ್ದ ನಾಲಿಗೆ ಅದರಿಂದ ಪಳಗಿತು. ಮೂರನೆಯದು ಒಂದು ನಾಟಕದ ಹಾಡು, ಅದು ಅಳುವಿಗೆ. ಸತ್ತ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ "ಕಣ್ಣು ಬಿಡೇ" ಎನ್ನುತ್ತಾಳೆ; ಒಮ್ಮೆ ಅಂದು ಸುಮ್ಮನಾಗದೆ, ಉಸಿರು ಕಡಿದಂತೆ, "ಕಣ್ಣು ಬಿಡೇ, ಕಣ್ಣು ಬಿಡೇ" ಎನ್ನುತ್ತಲೇ ಇರುತ್ತಾಳೆ. "ಆಯಮ್ಮ ಹಾಡ್ತಿಲ್ಲ ಕಣ್ರೋ, ಕರುಳು ಕಿತ್ಕೊಂಡು ಕೂಗ್ತಾಳೆ" ಎಂದು ಬೆನಕಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಆ ತಡವರಿಕೆಯನ್ನು ಅವನು ರಂಗದ ಮೇಲೆ ಹಾಗೇ ತಂದಾಗ ಚನ್ನಗಿರಿಯಲ್ಲೂ ಬಿಳಿಚೋಡಿನಲ್ಲೂ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು, ಗಂಡಸರು ಕೈಯಲ್ಲಿನ ಬೀಡಿ ಆರಿದ್ದನ್ನೂ ಮರೆತು ಕೂತರು.

ಹೊನ್ನಾಳಿಯಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯ ಮಾಲೀಕ ಮಹೇಶ್ವರಪ್ಪನವರ ಕಿವಿಗೂ ಈ ಸುದ್ದಿ ಬಿತ್ತು. ಕರೆಸಿದರು, ಹಾಡಿಸಿದರು, ಒಂದು ಆಟ ಆಡು, ಜನ ಮೆಚ್ಚಿದರೆ ಕಂಪನಿಯಲ್ಲೇ ಇರು ಎಂದರು. ಬೆನಕಪ್ಪ ಹಗಲುಗನಸಿನಲ್ಲೂ ಬೇಡಿಕೊಂಡದ್ದು ಅದೊಂದನ್ನೇ. ಶ್ರುತಿ ಹೊಂದಿಸಲೆಂದು ಮಾಲೀಕರು ತಮ್ಮಲ್ಲಿದ್ದ ಅದೇ ಹಾಡಿನ ಪ್ಲೇಟು ತೆಗೆದು ಹಾಕಿದರು. ಹಾಡು ಆ ಜಾಗಕ್ಕೆ ಬಂತು. "ಕಣ್ಣು ಬಿಡೇ" ಎಂದಿತು, ಒಂದೇ ಸಲ, ಹಗುರವಾಗಿ, ಮುಂದಕ್ಕೆ ಹೋಯಿತು. ಬೆನಕಪ್ಪ ಬಗ್ಗಿ, ತಿರುಗುತ್ತಿದ್ದ ಪ್ಲೇಟನ್ನೇ ನೋಡಿದ.

"ನಿನ್ನ ಪ್ಲೇಟಿಗೆ ಗೀರು ಬಿದ್ದೈತೆ ಕಣಯ್ಯ," ಮಾಲೀಕರು ಹೊಟ್ಟೆ ಕುಣಿಸಿ ನಕ್ಕರು. "ಮುಳ್ಳು ಸಿಕ್ಕಾಕ್ಕೊಂಡಿದ್ದನ್ನೇ ಹಾಡು ಅಂತ ಕಲ್ತಿದೀಯ. ಇರ್ಲಿ, ಹಂಗೇ ಹಾಡು. ಜನಕ್ಕೆ ಅದೇ ಬೇಕು."

ನೀವು ನಗಬೇಡಿ. ಹುಟ್ಟಿದಾಗಿನಿಂದ ಆ ಹಾಡನ್ನು ಮನೆಯಲ್ಲಿದ್ದ ಅದೊಂದೇ ಪ್ಲೇಟಿನಲ್ಲಿ ಕೇಳಿದವನು ಅವನು. ತಾಳಕ್ಕೆ ಸರಿಯಾಗಿಯೇ ಮುಳ್ಳು ಹಿಂದಕ್ಕೆ ಜಾರುತ್ತಿದ್ದುದರಿಂದ ಸಂಘದ ಹಾರ್ಮೋನಿಯಂ ಮಾಸ್ತರಿಗೂ ಅನುಮಾನ ಬಂದಿರಲಿಲ್ಲ. ತಾನು ಇಷ್ಟು ಕಾಲ ಪೂಜಿಸಿದ ಶೋಕ ಬರೀ ಒಂದು ಗೀರಿನದೆಂಬ ಆಘಾತದಲ್ಲೇ ಬಸ್ಸು ಹತ್ತಿ ಮನೆಗೆ ಬಂದವನು, ಅವರೆಕಾಯಿ ಸುಲಿಯುತ್ತಿದ್ದ ತಾಯಿ ಸರ್ವಮಂಗಳಮ್ಮನ ಮೇಲೆ ರೇಗಿದ. "ಅವ್ವಾ, ಈ ಪ್ಲೇಟು ಕೆಡಿಸಿದ್ದು ಯಾರು?"

"ನಾನೇ," ಎಂದಳು ಆಕೆ, ಕೈ ನಿಲ್ಲಿಸದೆ. "ನಿನಗಿಂತ ಮೊದ್ಲು ನಿನ್ನಕ್ಕ ಒಬ್ಳಿದ್ಲಪ್ಪ. ಸಿಡುಬು ಎದ್ದು ಹೋದ್ಲು. ಆಗ ನೀನು ಹೊಟ್ಟೆಯಾಗಿದ್ದೆ. ಬಸುರಿ ಅಳಬಾರ್ದು, ಕೂಸಿಗೆ ಆಗಲ್ಲ ಅಂತ ಹಿರೇರು ನನ್ನ ಅಳಾಕೆ ಬಿಡ್ಲಿಲ್ಲ. ಮನೇಲಿ ಯಾರೂ ಇಲ್ಲದಾಗ ಪ್ಲೇಟು ಹಾಕಿ, ಅದೇ ಮಾತಿಗೆ ಮುಳ್ಳು ಎತ್ತೆತ್ತಿ ಇಡ್ತಿದ್ದೆ. ನನ್ನ ಬದ್ಲು ಅದು ಅಳ್ಲಿ ಅಂತ."

ಬೆನಕಪ್ಪ ಕಂಕುಳಿನ ಪ್ಲೇಟುಗಳನ್ನು ತೆಗೆದು ತಾಯಿಯ ಪಕ್ಕದಲ್ಲಿಟ್ಟ. ತನಗೊಬ್ಬ ಅಕ್ಕನಿದ್ದಳೆಂಬುದೇ ಅವನಿಗೆ ಗೊತ್ತಿರಲಿಲ್ಲ. ಮಗನ ಒಂದು ನಾಟಕಕ್ಕೂ ಬಾರದ ಈ ಹೆಂಗಸನ್ನು ಊರು ಕಲ್ಲುಮನಸ್ಸಿನವಳೆಂದು ಆಡಿಕೊಂಡಿತ್ತು. ಅವನೂ ಹಾಗೇ ತಿಳಿದಿದ್ದ.

ಹೊನ್ನಾಳಿಯ ಆಟದ ದಿನ ಜನ ಕಿಕ್ಕಿರಿದು ಆ ಜಾಗಕ್ಕಾಗಿಯೇ ಕಾದರು, ಪರದೆಯ ಸಂದಿಯಲ್ಲಿ ಮಾಲೀಕರೂ ಕಾದರು. ಬೆನಕಪ್ಪ "ಕಣ್ಣು ಬಿಡೇ" ಎಂದ, ಒಮ್ಮೆ ಎಂದ, ಮುಂದಿನ ಸಾಲಿಗೆ ಹೋದ. ಸಭೆ ದಂಗಾಯಿತು; ಹಿಂದಿನಿಂದ ಗೇಲಿಯ ಸಿಳ್ಳೆಗಳು ಬಿದ್ದವು. ಮುಖದ ಬಣ್ಣ ಒರೆಸಿಕೊಳ್ಳುವ ಮೊದಲೇ ಮಾಲೀಕರು ಊರ ದಾರಿ ಹಿಡಿ ಎಂದರು.

"ಜನ ಅಳೋ ಜಾಗಾನೇ ಯಾಕೆ ಬಿಟ್ಟೆ?" ಎಂದು ಸಂಘದವರು ಕೇಳಿದಾಗ ಅವನು ಹೇಳಿದ್ದಿಷ್ಟೇ: "ಅದು ಹಾಡಿಂದಲ್ಲ, ನಮ್ಮವ್ವಂದು. ಟಿಕೀಟು ಇಟ್ಟು ಹೆಂಗೆ ತೋರಿಸ್ಲಿ?"

ಈ ಮಾತು ಸರ್ವಮಂಗಳಮ್ಮನನ್ನು ಮುಟ್ಟಿದಾಗ, ಇಪ್ಪತ್ತು ವರ್ಷ ನುಂಗಿಕೊಂಡವಳು ಕೇರಿಗೆಲ್ಲ ಕೇಳುವಂತೆ ಅತ್ತಳು.

ಕಂಡವರ ಕಣ್ಣೀರನ್ನು ಲಜ್ಜೆಯಿಲ್ಲದೆ ಎತ್ತಿ ತಂದು ತಮ್ಮದೆಂಬಂತೆ ಸುರಿಸುವುದೇ ನಟರ ಕಸುಬು, ಅದರಲ್ಲಿ ತಪ್ಪೇನಿಲ್ಲ. ಆದರೆ ಅವರಲ್ಲೊಬ್ಬನಿಗೆ ಎಂದೋ ಒಮ್ಮೆ ಆ ಕಣ್ಣೀರಿನ ಒಡತಿ ಎದುರಾಗುತ್ತಾಳೆ, ಅವನು ಅದನ್ನು ಅವಳಿಗೇ ಒಪ್ಪಿಸಿ ಬರಿಗೈಯಲ್ಲಿ ರಂಗದಿಂದ ಇಳಿಯುತ್ತಾನೆ. ಅಂಥವನಿಗೆ ಸಿಳ್ಳೆ ಹಾಕಿ ಕಳಿಸುವವರು ನಾವೇ.