ಬಡಿಗನ ಜಪಾನಿ ಮಂಟಪ

ಹೆಣ ಕೂರಿಸುವ ವಿಮಾನಕ್ಕೆ ಅಳಿಯ ಜಡೆಪ್ಪ ಬಿದಿರು ಬಿಗಿಯುತ್ತಿದ್ದ. ಬಿಗಿದಷ್ಟೂ ಅದು ಒಂದು ಕಡೆ ವಾಲುತ್ತಿತ್ತು. ಕುರುಗೋಡಿನಲ್ಲಿ ಸತ್ತವರಿಗೆಲ್ಲ ವಿಮಾನ ಕಟ್ಟುತ್ತಿದ್ದ ಬಡಿಗ ಮರಿಬಸಪ್ಪನೇ ಈವತ್ತು ವಿಭೂತಿ ಬಳಿಸಿಕೊಂಡು ಗೋಡೆಗೊರಗಿ ಕೂತಿದ್ದ.

"ಬರೋಬರಿ ಆಗವಲ್ದು ಅತ್ತಿ," ಅಂದ ಜಡೆಪ್ಪ.

ದಾಕ್ಷಾಯಣಮ್ಮ ಗಂಡನ ಬಲಗೈಯ ಸೊಟ್ಟ ಬೆರಳುಗಳನ್ನು ಹಿಡಿದು ಕೂತಿದ್ದಳು. ಆಗ ಓಣಿಗೆ ಕಾರು ನುಗ್ಗಿತು. ಬಳ್ಳಾರಿಯ ಚಿತ್ರಗಾರ ಧಣಿ ಹಾರ ಹಿಡಿದು ಇಳಿದರು. ಅವರನ್ನು ಕಂಡದ್ದೇ ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

*

ಬಳ್ಳಾರಿಯ ಧಗೆ ತಾಳದೆ ಧಣಿ ಕುರುಗೋಡು ಗುಡ್ಡದ ಬುಡದಲ್ಲಿ ಬೇಸಿಗೆ ಮನೆ ಮಾಡಿಕೊಂಡಿದ್ದರು. ತೋಟದಲ್ಲಿ ಜಪಾನಿ ಕಟ್ಟಡಗಳು ಬೇಕೆಂದು ಮರಿಬಸಪ್ಪನಿಗೆ ಚಿತ್ರ ತೋರಿಸಿದರು. ಅವನು ಕಮಾನಿನ ಸೇತುವೆ, ಮೂಲೆಗಳು ಮೇಲಕ್ಕೆ ಬಾಗಿದ ಪುಟ್ಟ ಚಹಾ ಮಂಟಪ, ಎಲ್ಲ ನಿಲ್ಲಿಸಿದ.

ಅಷ್ಟರಲ್ಲಿ ಜಪಾನು ಬ್ರಿಟಿಷರ ಮೇಲೆ ಯುದ್ಧಕ್ಕಿಳಿಯಿತು. ಶತ್ರುಗಳ ಮನೆ ಕಟ್ಟಿಸಿದವರು ಯಾರೆಂದು ಪೊಲೀಸರು ಬಂದು ಕೇಳಿದರೆ ಈ ಮಹಾನುಭಾವರು, "ಅದು ನನ್ನದಲ್ಲ. ಬಡಿಗ ತನ್ನ ಮನಸ್ಸಿಗೆ ಬಂದಂತೆ ಕಟ್ಟಿದ್ದು," ಎಂದುಬಿಟ್ಟರು. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಗಾದರೂ ಇವರಿಗಿಂತ ನಾಚಿಕೆ ಇತ್ತು.

ಮರಿಬಸಪ್ಪ ಠಾಣೆಯಿಂದ ಬೆರಳು ಮುರಿಸಿಕೊಂಡು ಬಂದ. ಮತ್ತೆ ಉಳಿ ಹಿಡಿಯಲಾಗಲಿಲ್ಲ. ಸತ್ತವರಿಗೆ ಬಿದಿರು ಬಿಗಿಯುವ ಕೆಲಸವಷ್ಟೇ ಉಳಿಯಿತು. ಯುದ್ಧ ಮುಗಿದದ್ದೇ ತಡ, ಧಣಿ ಮದರಾಸಿನ ಅತಿಥಿಗಳಿಗೆ ಮಂಟಪ ತೋರಿಸಿ, "ನಾನೇ ಕಟ್ಟಿದ್ದು," ಎನ್ನತೊಡಗಿದರು.

*

"ಒಳ್ಳೇ ಮನುಷ್ಯ," ಎಂದರು ಧಣಿ, ನೆರೆದವರಿಗೆ ಕೇಳುವಂತೆ. "ನಾನು ಮಂಟಪ ಕಟ್ಟುವಾಗ ಸ್ವಲ್ಪ ಕೈಜೋಡಿಸಿದ್ದ."

ದಾಕ್ಷಾಯಣಮ್ಮ ಎದ್ದು ನಿಂತಳು. "ಜಡೆಪ್ಪ, ಬಿದಿರು ಬಿಡು. ನಾಕು ಮಂದಿ ಹೋಗಿ ತೋಟದಾಗಿನ ಮಂಟಪ ಬಿಚ್ಚಿಕೊಂಡು ಬರ್ರಿ. ಅದರಾಗ ಕುಂದ್ರಿಸಿ ಒಯ್ಯೋಣು."

"ಏನಮ್ಮ ಇದು? ಅದು ನನ್ನದು."

"ಪೊಲೀಸ್ರ ಮುಂದ ನಂದಲ್ಲ ಅಂದಿದ್ರಿ, ಧಣ್ಯಾರ. ನಿಮ್ಮ ಮಾತು ನಾವ್ಯಾಕ ಸುಳ್ಳು ಮಾಡೋಣು?"

ಧಣಿ ಸುತ್ತ ನೋಡಿದರು. ಮೂಲೆಯಲ್ಲಿದ್ದ, ಧಣಿಯ ತೋಟ ಕಾಯುತ್ತಿದ್ದ ಮುದುಕ ಪಕ್ಕೀರಪ್ಪ ಮೆಲ್ಲಗೆ, "ಹಂಗ ಅಂದಿದ್ರಿ. ನಾ ಅಲ್ಲೇ ಇದ್ದೆ," ಎಂದ. ಗಂಡಸರು ಒಬ್ಬೊಬ್ಬರಾಗಿ ಎದ್ದರು.

ಹೊತ್ತು ಇಳಿಯುವ ಮುನ್ನ ಮಂಟಪ ಬಂತು; ಮತ್ತೆ ಜೋಡಿಸಿ ಬಿದಿರಿನ ಮೇಲೆ ಬಿಗಿದರು. ಮರಿಬಸಪ್ಪನನ್ನು ಅದರಲ್ಲಿ ಕೂರಿಸಿ ಹೊತ್ತರು. ಓಣಿ ಸಣ್ಣದು, ಚಾವಣಿ ಅಗಲ, ಎದುರಿಗೆ ಕಾರು.

"ಹಿಂದಕ ತಗೀರಿ," ಅಂದ ಜಡೆಪ್ಪ.

ಧಣಿ ತಾವೇ ಸ್ಟಿಯರಿಂಗ್ ಹಿಡಿದು, ಕತ್ತು ಹೊರಳಿಸಿ, ಕಾರನ್ನು ಓಣಿಯುದ್ದಕ್ಕೂ ಹಿಂದೆ ಹಿಂದೆ ಸರಿಸುತ್ತ ಹೋದರು. ಕಾರಿನ ಮೂತಿಗೆ ಎದುರಾಗಿ, ಬಾಗಿದ ಮೂಲೆಗಳ ಚಾವಣಿಯಡಿ ನೆಟ್ಟಗೆ ಕೂತು ಮರಿಬಸಪ್ಪ ಬರುತ್ತಿದ್ದ.