ಉದ್ದ ಕಾಲಿನ ಒಲೆ

ಹಂಡೆಯ ಅಂಚು ತನ್ನ ಗದ್ದದವರೆಗೆ ಬರುತ್ತದೆ ಎಂದು ಆರ್ಲಿಸ್‌ಗೆ ಅಂಗಡಿಯಲ್ಲೇ ಗೊತ್ತಿತ್ತು. ಈಗ ಗ್ಯಾರೇಜಿನ ಮುಂದಿನ ಕಾಂಕ್ರೀಟಿನ ಮೇಲೆ ಒಲೆ ಇಟ್ಟು, ಅದರ ಮೇಲೆ ಖಾಲಿ ಹಂಡೆ ಕೂರಿಸಿ ನೋಡಿದರೆ ಗದ್ದ ದಾಟಿ ಮೂಗಿಗೇ ಬಂದಿತ್ತು. ಒಳಗೇನಿದೆ ಎಂದು ನೋಡಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕು.

"ಅದೇನೇ ಅದು, ಒಂಟೆ ಕಾಲಿಂದು?" ಅವಳ ಗಂಡ ಡೆಲ್ಮರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. ಎರಡೂ ಕೈ ಜೇಬಿನಲ್ಲಿದ್ದವು.

"ಒಲೆ."

"ಒಲೆ ಅಂತ ಕಾಣತ್ತೆ. ಯಾರಿಗೆ?"

"ಬಿಯರ್ ಕುದಿಸೋರಿಗೆ," ಎಂದು ಆರ್ಲಿಸ್ ಹಂಡೆಯನ್ನು ಕೆಳಗಿಳಿಸಿದಳು.

ಅಂಗಡಿಯವನು ಗಿಡ್ಡ ಕಾಲಿನ ಒಲೆಯನ್ನೇ ತೋರಿಸಿದ್ದ. "ಅಮ್ಮಾ, ನಿಮ್ಮ ಎತ್ತರಕ್ಕೆ ಇದೇ ಸರಿ," ಎಂದಿದ್ದ. ಇನ್ನೊಂದು ಇತ್ತು, ಒಂದೇ ತೂತಿನಲ್ಲಿ ಬೆಂಕಿ ಉಗುಳುವಂಥದ್ದು. ಹಚ್ಚಿದರೆ ವಿಮಾನ ಎದ್ದ ಹಾಗೆ ಸದ್ದು, ಪಕ್ಕದಲ್ಲಿದ್ದವರ ಮಾತು ಕೇಳುವಂತಿಲ್ಲ. ಮಾತು ಕೇಳದ ಒಲೆ ಬೇಡ ಎಂದಿದ್ದಳು ಅವಳು. ಕೊನೆಗೆ ತಂದದ್ದು ಇದು: ಸಣ್ಣ ಸಣ್ಣ ತೂತುಗಳ ಅಗಲ ಬರ್ನರ್, ಅಗಲಕ್ಕೆ ಊರಿದ ನಾಲ್ಕು ಉದ್ದ ಕಾಲು, ಹಂಡೆಯ ತಳದಲ್ಲಿ ನಲ್ಲಿ. ನಲ್ಲಿಯ ಕೆಳಗೆ ಬಕೆಟ್ ಇಟ್ಟರಾಯಿತು, ಬಿಸಿ ಹಂಡೆಯನ್ನು ಯಾರೂ ಎತ್ತಬೇಕಾಗಿಲ್ಲ.

ಹೋದ ಶರತ್ಕಾಲದಲ್ಲಿ ಎತ್ತಿದ್ದರು. ಡೆಲ್ಮರ್‌ನ ಕೈಗೆ ನಡುಕ ಬಂದು ಆಗಲೇ ಕೆಲವು ತಿಂಗಳಾಗಿತ್ತು. ಹಳೆಯ ಗಿಡ್ಡ ಒಲೆಯಿಂದ ಇಬ್ಬರೂ ಒಂದೊಂದು ಕಡೆ ಹಿಡಿದು ಎತ್ತುವಾಗ ಅವನ ಕಡೆಯ ಹಿಡಿ ಜಾರಿತು. ಬಿಯರಿನ ಕುದಿಯುವ ರಸ ಆರ್ಲಿಸ್‌ಳ ಪಾದದ ಮೇಲೆ ಬಿತ್ತು. ಚಳಿಗಾಲವೆಲ್ಲ ಅವಳು ಪಟ್ಟಿ ಕಟ್ಟಿಕೊಂಡೇ ಇದ್ದಳು. ಪಾದ ಮಾಯಿತು. ಡೆಲ್ಮರ್ ಮಾತ್ರ ಒಲೆ, ಹಂಡೆ, ಸಿಲಿಂಡರ್ ಎಲ್ಲವನ್ನೂ ಪಕ್ಕದ ಮನೆಯ ಐವರ್‌ಗೆ ಕೊಟ್ಟು ಕೈಗಳನ್ನು ಜೇಬಿಗೆ ಸೇರಿಸಿಬಿಟ್ಟ. ಅವಳಿಗೆ ಒಂದು ಲೋಟ ಕಾಫಿ ಬಗ್ಗಿಸಿಕೊಡುವುದನ್ನೂ ಬಿಟ್ಟ. ಶುಕ್ರವಾರ ಚರ್ಚಿನ ಮೀನೂಟದಲ್ಲಿ ಸೂಪಿನ ಬಟ್ಟಲು ದಾಟಿಸಿ ಎಂದು ಯಾರಾದರೂ ಕೇಳಿದರೆ ಕೇಳಿಸದವನ ಹಾಗೆ ಕೂತಿರುತ್ತಿದ್ದ. ಆರ್ಲಿಸ್‌ಗೆ ಬೇಕಾಗಿದ್ದದ್ದು ಬಿಯರ್ ಅಲ್ಲ. ಆ ಕೈಗಳು ಜೇಬಿನಿಂದ ಹೊರಗೆ ಬರಬೇಕಾಗಿತ್ತು.

ಅವಳು ಗ್ಯಾಸಿನ ಪೈಪು ಸೇರಿಸಿ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಕುಂಚ ಅದ್ದಿ ಸಂದುಗಳಿಗೆಲ್ಲ ಬಳಿದಳು. ಗುಳ್ಳೆ ಏಳಲಿಲ್ಲ, ಗ್ಯಾಸ್ ಸೋರುತ್ತಿಲ್ಲ. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಳೆಯ ತಗಡೊಂದನ್ನು ಅಡ್ಡ ನಿಲ್ಲಿಸಿದಳು. ಆಮೇಲೆ ಸಿಲಿಂಡರಿನ ತಿರುಪನ್ನು ಸರಕ್ಕನೆ ಪೂರ್ತಿ ತಿರುಗಿಸಿ ಬೆಂಕಿ ಹಚ್ಚಿದಳು.

ಹುಟ್ಟುಹಬ್ಬದ ಮೇಣದಬತ್ತಿಯಷ್ಟು ಉರಿ ಬಂತು. ಇನ್ನಷ್ಟು ತಿರುಗಿಸಿದಳು. ಅಷ್ಟೇ ಉರಿ.

ಬೇಲಿಯಾಚೆ ಐವರ್ ಟೋಪಿ ಹಿಂದಕ್ಕೆ ತಳ್ಳಿಕೊಂಡು ನಿಂತಿದ್ದ. "ಏನ್ ಆರ್ಲಿಸ್, ಅದರಲ್ಲಿ ಮೊಟ್ಟೆ ಬೇಯಬೇಕಾದ್ರೂ ಕ್ರಿಸ್‌ಮಸ್ ಬರಬೇಕು. ಏಣಿ ತಂದ್ಕೊಡ್ಲಾ? ಇಲ್ಲಾ ನಾನೇ ಬಂದು ಕಲಕ್ಕೊಡ್ಲಾ?"

"ಬಂದ್ರೆ ಒಳ್ಳೇದೇ," ಎಂದಳು ಆರ್ಲಿಸ್, ಬಾಗಿಲ ಕಡೆ ನೋಡದೆ.

"ನೀನು ಅಲ್ಲೇ ಇರೋ," ಡೆಲ್ಮರ್ ಒಳಗಿನಿಂದ ಕೂಗಿದ. "ಹೋದ ತಿಂಗಳು ನೀನು ಮಾಡಿದ ಬಿಯರ್ ಎಷ್ಟು ಹುಳಿ ಅಂದ್ರೆ, ಉಪ್ಪಿನಕಾಯಿಗೆ ಹಾಕ್ಬೇಕಾಯ್ತು."

"ನಿನ್ನ ಒಲೇಲೇ ಮಾಡಿದ್ದು ಕಣೋ!"

"ಒಲೆ ಕೊಟ್ಟೆ, ನಾಲಿಗೆ ಕೊಡಕ್ಕಾಗತ್ತಾ?"

ಐವರ್ ನಗುತ್ತಾ ಹೊರಟುಹೋದ. ಡೆಲ್ಮರ್ ಮೆಟ್ಟಿಲಿಳಿದು ಬಂದ. ಒಲೆಯಿಂದ ದೂರದಲ್ಲೇ ನಿಂತ.

"ಎಲ್ಲಾ ಮುಚ್ಚು. ಸಿಲಿಂಡರೂ ಮುಚ್ಚು, ಒಲೇದೂ ಮುಚ್ಚು."

"ಕೆಟ್ಟಿದ್ಯಾ ಇದು?"

"ಕೆಟ್ಟಿಲ್ಲ. ಒಂದೇ ಸಲ ತಿರುವಿದ್ರೆ ಪೈಪು ಒಡೀತು ಅಂತ ತಿಳ್ಕೊಂಡು ಸಿಲಿಂಡರಿನ ವಾಲ್ವು ಗ್ಯಾಸನ್ನ ತಡೆದುಬಿಡತ್ತೆ. ನೀನು ಯಾವತ್ತು ನಿಧಾನವಾಗಿ ಏನು ಮಾಡಿದೀಯ? ಸ್ವಲ್ಪ ಹೊತ್ತು ಬಿಡು. ಮೊದಲು ಸಿಲಿಂಡರು, ಮೆಲ್ಲಗೆ. ಆಮೇಲೆ ಒಲೆ."

ಈ ಸಲ ಬುಸ್ಸೆಂದು ಹತ್ತಿತು. ಉರಿ ಹಳದಿಯಾಗಿತ್ತು, ತುದಿಯಲ್ಲಿ ಮಸಿ. ಹೊಸ ಬಣ್ಣ ಸುಟ್ಟು ಹೊಗೆ ಎದ್ದಿತು. ಹೊಗೆ ಕಳೆದ ಮೇಲೂ ಹಳದಿ ಹೋಗಲಿಲ್ಲ.

"ಗಾಳಿ ಸಾಲ್ದು. ಆ ತಟ್ಟೆ ತಿರುಗಿಸ್ಬೇಕು," ಎಂದ ಅವನು.

"ಯಾವ ತಟ್ಟೆ?"

"ಅಲ್ಲೇ, ಪೈಪಿನ ಬುಡದಲ್ಲಿ, ಗಾಳಿ ತೂತು ಮುಚ್ಚೋದು."

"ನಂಗೆ ಕಾಣಲ್ಲ ಮಾರಾಯ." ಅವಳಿಗೆ ಕಾಣುತ್ತಿತ್ತು.

ಡೆಲ್ಮರ್ ಒಲೆಯ ಹತ್ತಿರ ಬಂದ. ಆಮೇಲೆ ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದು ಬಗ್ಗಿದ. ಬೆರಳುಗಳು ತಟ್ಟೆಗೆ ತಾಗಿ ಕಟಕಟ ಸದ್ದು ಮಾಡಿದವು. ಆರ್ಲಿಸ್ ತಾನು ಮಾಡುತ್ತೇನೆ ಎನ್ನಲಿಲ್ಲ; ತಗಡನ್ನು ಸರಿಪಡಿಸುವವಳಂತೆ ಆಚೆ ತಿರುಗಿಕೊಂಡಳು. ತಿರುಗಿ ನೋಡಿದಾಗ ಉರಿ ನೀಲಿಯಾಗಿತ್ತು. ಆ ಬಿಸಿಲಿನಲ್ಲಿ ಅದು ಕಾಣುತ್ತಿದ್ದದ್ದೂ ಅಷ್ಟಕ್ಕಷ್ಟೇ.

ಹಂಡೆ ಏರಿಸಿ ತೋಟದ ಪೈಪಿನಿಂದ ನೀರು ತುಂಬಿಸಿದರು. ನೀರು ಕಾದಾಗ ಅವಳು ಮಾಲ್ಟಿನ, ಅಂದರೆ ಮೊಳಕೆ ಬಾರ್ಲಿಯ, ಪಾಕದ ಡಬ್ಬ ತಂದಳು.

"ಡಬ್ಬದ್ದಾ?" ಡೆಲ್ಮರ್ ಮುಖ ಕಿವುಚಿದ. "ಐವರ್‌ಗೆ ಹೇಳ್ಬೇಡ. ತಡಿ, ಉರಿ ಆರ್ಸು ಮೊದ್ಲು, ತಳ ಹಿಡಿಯತ್ತೆ." ಡಬ್ಬ ಎತ್ತಲು ಹೋದವಳನ್ನು ನೋಡಿದ, ಹಂಡೆಯ ಅಂಚನ್ನು ನೋಡಿದ. "ನಿಂಗೆ ಎಟುಕಲ್ಲ ಇದು."

"ಇಲ್ಲ."

"ತರೋವಾಗ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

ಅವನು ಅವಳ ಮುಖವನ್ನೇ ನೋಡಿದ. "ಆರ್ಲಿಸ್, ನಾನು ಮತ್ತೆ ಏನಾದ್ರೂ ಚೆಲ್ಲಿಬಿಟ್ರೆ..."

"ನಾನು ಇಲ್ಲಿರ್ತೀನಿ, ಸಿಲಿಂಡರಿನ ಹತ್ರ. ಇಷ್ಟು ದೂರ. ಇಲ್ಲಿಗೆ ಚೆಲ್ಬೇಕಾದ್ರೆ ನೀನು ಹಂಡೇನ ಒದೀಬೇಕು."

ಡೆಲ್ಮರ್ ಡಬ್ಬ ಎತ್ತಿ ಬಗ್ಗಿಸಿದ; ಪಾಕ ದಾರದಂತೆ ಇಳಿಯಿತು. ಸ್ವಲ್ಪ ಅಂಚಿಗೆ ಬಿದ್ದು ಹೊರಗೆ ಸುರಿಯಿತು. ಇಬ್ಬರೂ ಅದರ ಮಾತೆತ್ತಲಿಲ್ಲ. ಮತ್ತೆ ಉರಿ ಹಚ್ಚಿದರು. ಡೆಲ್ಮರ್ ಮರದ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಲಕತೊಡಗಿದ. ನಡುಕಕ್ಕೆ ಹುಟ್ಟು ಹಂಡೆಗೆ ಬಡಿಯುತ್ತಿತ್ತು. ಸುಟ್ಟ ಸಕ್ಕರೆಯ, ಹೊಸ ರೊಟ್ಟಿಯ ವಾಸನೆ ಅಂಗಳವನ್ನೆಲ್ಲ ತುಂಬಿತು.

ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಅವನೇ ಉದುರಿಸಿದ. ಹಂಡೆಯೊಳಗೆ ಸದ್ದು ಬದಲಾಯಿತು.

"ಉರಿ ಇಳ್ಸು," ಎಂದ ಡೆಲ್ಮರ್.

ಅವಳು ತಿರುಪನ್ನು ಇಳಿಸಿದಳು.

"ಇನ್ನೂ. ಬರ್ತಿದೆ, ಬರ್ತಿದೆ, ಇನ್ನೂ ಇಳ್ಸೇ!"

ಅವಳಿಗೆ ಒಳಗಿನದೇನೂ ಕಾಣುತ್ತಿರಲಿಲ್ಲ. ಅಂಚಿನ ಮೇಲೆ ಕಂದು ನೊರೆಯ ತಲೆಯೊಂದು ಇಣುಕಿ, ಅಲ್ಲೇ ಯೋಚಿಸಿದಂತೆ ನಿಂತು, ಮೆಲ್ಲಗೆ ಒಳಗೆ ಇಳಿದುಹೋಯಿತು.

"ಹಾಂ. ಅಷ್ಟಿರ್ಲಿ. ಕೈ ಅಲ್ಲೇ ಇಟ್ಕೊಂಡಿರು."

ಆರ್ಲಿಸ್ ಕೈಯನ್ನು ಅಲ್ಲೇ ಇಟ್ಟುಕೊಂಡಳು. ಮೇಲೆ ಹಬೆಯಲ್ಲಿ ಡೆಲ್ಮರ್‌ನ ಕನ್ನಡಕ ಪೂರ್ತಿ ಮಸುಕಾಗಿತ್ತು. ಒರೆಸಿಕೊಳ್ಳಲು ಹುಟ್ಟು ಬಿಡದೆ, ಅವನು ಹಾಗೇ ಕಲಕುತ್ತಿದ್ದ.