ಬೆಳಕು ಹರಿಯುವ ಹೊತ್ತು

ಯಶವಂತನಿಗೆ ಬೇಟೆಯ ಹುಚ್ಚು ಹತ್ತಿಸಿದವನು ಆಫೀಸಿನ ಗೆಳೆಯ ಗ್ರೆಗ್. ಬ್ರಿಸ್ಬೇನಿನಿಂದ ಎರಡು ಗಂಟೆ ದೂರದ ಅವನ ಜಮೀನಿನಲ್ಲಿ ಜಿಂಕೆಗಳ ಕಾಟ. ಹೊಡೆಯಲು ಕಾನೂನಿನ ಅಡ್ಡಿಯೂ ಇರಲಿಲ್ಲ. ಎರಡು ಭಾನುವಾರ ಮಟಮಟ ಮಧ್ಯಾಹ್ನ ಗ್ರೆಗ್‌ನ ಕೋವಿ ಹೊತ್ತು ಅಲೆದ ಯಶವಂತನಿಗೆ ಜಿಂಕೆಯ ಬಾಲವೂ ಕಾಣಲಿಲ್ಲ. ಸೋಮವಾರ ಆಫೀಸಿನಲ್ಲಿ ನಗೆಪಾಟಲಾದ.

ತಿಳಿದವರು ಮನೆಯಲ್ಲೇ ಇದ್ದರು. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದಿದ್ದ ಮಾವ ಬಾಲಕೃಷ್ಣ, ಬಂಡೀಪುರದಲ್ಲಿ ಮೂವತ್ತು ವರ್ಷ ಫಾರೆಸ್ಟ್ ಗಾರ್ಡ್ ಆಗಿ ಕಳ್ಳಬೇಟೆಯವರನ್ನು ಹಿಡಿದವರು. ಇಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಫೋಟೋ ತೆಗೆಯಬೇಕು, ಜಿಂಕೆ ಯಾವ ಹೊತ್ತಿಗೆ ಸಿಗುತ್ತದೆ ಎಂದು ಅಳಿಯ ಕೇಳಿದ್ದೇ ತಡ, ಅವರ ಮುಖ ಅರಳಿತು. ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡಿ.

ಬೆಳಕು ಹರಿಯುವುದಕ್ಕೆ ಅರ್ಧ ಗಂಟೆ ಮುಂಚೆಯೇ ಹೋಗಿ ಕೂತಿರಬೇಕು. ಮೇದ ಜಿಂಕೆ ಪೊದೆಗೆ ಮರಳುವ ಹೊತ್ತದು. ಗಾಳಿ ನಮ್ಮ ಮುಖಕ್ಕೆ ಬಡಿಯುತ್ತಿರಬೇಕು ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿ, ಕಾಗದವನ್ನು ಅವನ ಕೈಗೇ ಕೊಟ್ಟರು.

"ಇದನ್ನ ಯಾರಿಗೂ ಹೇಳಿರ್ಲಿಲ್ಲ ಅಳಿಯಂದ್ರೆ," ಅಂದರು. "ಕೇಳೋರೆಲ್ಲ ಮನೇಲಿ ಕೋವಿ ಇಟ್ಕೊಂಡೇ ಕೇಳ್ತಿದ್ರು. ನೀವು ನಮ್ಮೋರು."

ಭಾನುವಾರ ಅದೇ ಹೊತ್ತಿಗೆ ಜಿಂಕೆ ಬಂತು. ಒಂದೇ ಗುಂಡಿಗೆ ಬಿತ್ತು. ಗ್ರೆಗ್ ಬೆನ್ನು ತಟ್ಟಿದ. ಮಾಂಸವನ್ನು ಐಸ್ ತುಂಬಿದ ಎಸ್ಕಿ ಪೆಟ್ಟಿಗೆಗೆ ಹಾಕುವಾಗ ಮಾವನ ಮಾತು ನೆನಪಾಗಿ ಯಶವಂತನಿಗೆ ಕೈ ಓಡಲಿಲ್ಲ.

ಮನೆ ಮುಟ್ಟಿದಾಗ ಮಾವ ಕನ್ನಡಕ ಒರೆಸಿಕೊಂಡು ಬಾಗಿಲಲ್ಲೇ ಕಾದಿದ್ದರು. ಫೋಟೋ ತೋರಿಸಿ ಅಂದರು. ಯಶವಂತ ನೆಲ ನೋಡುತ್ತ, ಜಿಂಕೆ ಬರಲೇ ಇಲ್ಲ ಅಂದುಬಿಟ್ಟ.

ಮಾವ ಕನ್ನಡಕ ತೆಗೆದು ಮಡಚಿದರು. ತಾವೇ ತಪ್ಪು ಹೇಳಿರಬೇಕು, ವಯಸ್ಸಾಯಿತು, ಕಾಡೂ ಮರೆತುಹೋಯಿತೇನೋ ಎಂದು ಗೊಣಗಿದರು. ಅವರಿಗಿದ್ದ ಒಂದೇ ವಿದ್ಯೆಯನ್ನೂ ಅಳಿಯ ಸುಳ್ಳು ಮಾಡಿಬಿಟ್ಟಿದ್ದ. ನಾಚಿಕೆಯಿಂದ ಯಶವಂತ ಹಿಡಿಯಾದ.

"ನೀವು ಹೇಳಿದ್ದು ತಪ್ಪಲ್ಲ ಮಾವ. ಸರಿಯಾಗಿ ಅದೇ ಹೊತ್ತಿಗೆ ಬಂತು. ನಾನು ಹೊಡೆದ್ಬಿಟ್ಟೆ."

ಮಾವ ಕಾರಿನ ಡಿಕ್ಕಿಯತ್ತ ನೋಡಿದರು. ಬೈಯಲಿಲ್ಲ. ಗಾಳಿ ಎದುರಿಗಿತ್ತಾ ಎಂದಷ್ಟೇ ಕೇಳಿದರು. ಅವನು ಹೂಂ ಅಂದ.

"ಹಾಗಾದ್ರೆ ಪಾಪ, ಅದಕ್ಕೆ ಗೊತ್ತೇ ಆಗಿರಲ್ಲ," ಅಂದರು. ಆಮೇಲೆ ಕೈ ಚಾಚಿದರು. "ಆ ಕಾಗದ ಕೊಡಿ."

ಎಷ್ಟೋ ಜನರಿಂದ ಕೋವಿ ವಶಪಡಿಸಿಕೊಂಡ ಕೈ ಅದು. ಯಶವಂತ ಜೇಬಿನಿಂದ ಕಾಗದ ತೆಗೆದುಕೊಟ್ಟ.